ಮಳೆ ಬಂದ ದಿನದ ಸಂಬಳ

ಈ ಸಲದ ಟಿಪ್ಪಣಿ ಬೋರ್ಡೋ ದ್ರಾವಣದ ಬಗ್ಗೆ ಅಲ್ಲ, ಅದನ್ನು ಬಿಡುವವರ ಸಂಬಳದ ಬಗ್ಗೆ. ಕಳೆದ ಎರಡು ತಿಂಗಳಲ್ಲಿ ಮೂರ್ನಾಲ್ಕು ಜನ ಕೇಳಿ ಆಯಿತು. ಕೆಲವರು ನಗಾಡಿಕೊಂಡು, ಒಬ್ಬರು ಸ್ವಲ್ಪ ಬಿಸಿಯಾಗಿಯೇ. ಪ್ರಶ್ನೆ ಇಷ್ಟೇ: "ಮಳೆ ಬಂದು ಹನ್ನೊಂದು ಗಂಟೆಗೆ ಕೆಲಸ ನಿಂತ ದಿನವೂ ನೀವು ಪೂರ್ತಿ ಸಂಬಳ ಕೊಡ್ತೀರಂತೆ. ನೀವು ಕೊಟ್ಟರೆ ನಾಳೆ ನಮ್ಮಲ್ಲಿಯೂ ಕೇಳ್ತಾರೆ. ಎಂತ ಮಾರಾಯ್ರೇ ಇದು?"

ಕೇಳಿದ್ದರಲ್ಲಿ ನ್ಯಾಯ ಉಂಟು. ಮದ್ದು ಬಿಡುವವರ ಸಂಬಳ ನಮ್ಮ ಕಡೆ ಮಾಮೂಲಿ ಆಳಿನ ಎರಡು ಪಾಲಿಗಿಂತ ಹೆಚ್ಚು. 2025ರಲ್ಲಂತೂ ಮೇ 24ಕ್ಕೇ ಮಳೆಗಾಲ ಕೇರಳಕ್ಕೆ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದೇ ಇರಲಿಲ್ಲ. ಎರಡು ದಿನ ಬಿಟ್ಟು ನಮ್ಮಲ್ಲಿಯೂ ಹಿಡಿಯಿತು. ಮೊದಲ ಸಲದ ಮದ್ದು ಆಗದವರು ಅರ್ಧಕ್ಕರ್ಧ. ನಾಲ್ಕು ದಿನದಲ್ಲಿ ಆಗುವ ಕೆಲಸ ಎಂಟು ದಿನಕ್ಕೆ ಹೋಯಿತು. ಅಂಥ ವರ್ಷದಲ್ಲಿ ಕೆಲಸ ಆಗದ ಹೊತ್ತಿಗೂ ದುಡ್ಡು ಕೊಡುವವನ ಮೇಲೆ ನೆರೆಕರೆಯವರಿಗೆ ಸಿಟ್ಟು ಬರುವುದು ಸಹಜವೇ.

ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ. ಅದಕ್ಕೆ ಉದ್ದಕ್ಕೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಹೋದ ಕೆಲಸವೂ ಬರುತ್ತದೆ, ನನ್ನ ದೇವರೂ ಬರುತ್ತಾನೆ. ಈ ಪೇಜಿನಲ್ಲಿ ಧರ್ಮದ ವಿಷಯ ನಾನು ಬರೆದದ್ದಿಲ್ಲ. ಯಾರನ್ನೂ ಎಲ್ಲಿಗೂ ಕರೆಯುವುದಕ್ಕಲ್ಲ ಇದು. ಕೇಳಿದ ಪ್ರಶ್ನೆಗೆ ಇದನ್ನು ಬಿಟ್ಟು ಉತ್ತರ ಕೊಟ್ಟರೆ ಅದು ಪೂರ್ತಿ ಉತ್ತರ ಆಗುವುದಿಲ್ಲ.

ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದೆ, ತೋಟಕ್ಕೆ ಬರುವ ಮೊದಲು ನಾನು ಹದಿನಾಲ್ಕು ವರ್ಷ ಕತಾರಿನ ದೋಹಾದಲ್ಲಿ ಇದ್ದೆ. ಎಂತ ಕೆಲಸ ಎಂದು ಗೊತ್ತಿರಲಿಕ್ಕಿಲ್ಲ. ಒಂದು ಕಟ್ಟಡ ಕಂಟ್ರಾಕ್ಟಿನ ಕಂಪನಿಯಲ್ಲಿ ಟೈಮ್ ಕೀಪರ್. ಬೆಳಗ್ಗೆ ನಾಲ್ಕೂವರೆಗೆ ಎದ್ದು ಸೈಟಿನ ಗೇಟಿನಲ್ಲಿ ನಿಲ್ಲುವುದು. ಬಸ್ಸಿನಿಂದ ಇಳಿಯುವ ಒಬ್ಬೊಬ್ಬನ ನಂಬರು, ಒಳಗೆ ಹೋದ ಗಂಟೆ, ಹೊರಗೆ ಬಂದ ಗಂಟೆ ಬರೆಯುವುದು. ಬಿಹಾರದವರು, ನೇಪಾಳದವರು, ಬಾಂಗ್ಲಾದವರು, ನಮ್ಮ ತೆಲಂಗಾಣದವರು, ಮುನ್ನೂರಕ್ಕೂ ಮೇಲೆ ಜನ. ವಾರಕ್ಕೆ 48 ಗಂಟೆ, ರಂಜಾನ್ ತಿಂಗಳಲ್ಲಿ 36. ಅದರ ಮೇಲೆ ಮಾಡಿದರೆ ಒಂದೂಕಾಲು ಪಾಲು. ಬೇಸಿಗೆಯಲ್ಲಿ ಜೂನ್ 15ರಿಂದ ಆಗಸ್ಟ್ ಕೊನೆವರೆಗೆ ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಲಿಕ್ಕಿಲ್ಲ ಎಂದು ಆಗಿನ ಕಾನೂನು. ಆ ಮೂರೂವರೆ ಗಂಟೆಯನ್ನು ಕಳೆದು, ಉಳಿದದ್ದನ್ನು ಕೂಡಿಸಿ, ತಿಂಗಳ ಕೊನೆಗೆ ಶೀಟು ಆಫೀಸಿಗೆ ಕಳಿಸಿದರೆ ನನ್ನ ಕೆಲಸ ಮುಗಿಯಿತು. ಯಾರಿಗೂ ಒಂದು ಗಂಟೆ ಹೆಚ್ಚು ಬರೆದವನಲ್ಲ, ಒಂದು ಗಂಟೆ ಕಡಿಮೆ ಬರೆದವನೂ ಅಲ್ಲ. ಅದರ ಬಗ್ಗೆ ನನಗೆ ಈಗಲೂ ಸಮಾಧಾನ ಉಂಟು.

ಅಲ್ಲಿ ಇಗರ್ಜಿ ಆದದ್ದು 2008ರಲ್ಲಿ, ಊರ ಹೊರಗೆ ರೋಸರಿ ಮಾತೆಯ ಹೆಸರಿನಲ್ಲಿ. ರಜೆ ಶುಕ್ರವಾರ ಆದ್ದರಿಂದ ಭಾನುವಾರದ ಪೂಜೆ ನಮಗೆ ಶುಕ್ರವಾರವೇ. ತಪ್ಪಿಸಿದ್ದು ಕಡಿಮೆ. ಊರಿಗೆ ರಜೆಯಲ್ಲಿ ಬಂದಾಗ ಕಾರ್ಕಳದ ಅತ್ತೂರಿಗೆ ಹೋಗಿ ಮೇಣದಬತ್ತಿ ಹಚ್ಚುವುದು, ಕಾಂಟ್ರಾಕ್ಟು ರಿನ್ಯೂ ಆಗುವ ತಿಂಗಳಲ್ಲಿ ಒಂಬತ್ತು ದಿನದ ನೊವೆನಾ ಹೇಳುವುದು. ನಮ್ಮಲ್ಲಿ ಹೆಚ್ಚಿನವರು ಬೆಳೆದದ್ದೇ ಹಾಗೆ. ನೀವು ಹರಕೆ ಹೇಳಿಕೊಳ್ಳುತ್ತೀರಲ್ಲ, ಅದೇ ರೀತಿ ಎಂದಿಟ್ಟುಕೊಳ್ಳಿ. ನಾನು ಇಷ್ಟು ಮಾಡಿದ್ದೇನೆ, ನೀನು ಇಷ್ಟು ನೋಡಿಕೋ. ಹದಿನಾಲ್ಕು ವರ್ಷ ಆ ಲೆಕ್ಕ ಸರಿಯಾಗಿಯೇ ಹೋಯಿತು. ಮನೆಗೆ ಹೆಂಚು ತೆಗೆದು ತಾರಸಿ ಬಂತು, ಬಾವಿಯ ಜೊತೆಗೆ ಬೋರು ಬಂತು, ಮಗಳು ಮಂಗಳೂರಿನ ಕಾಲೇಜಿಗೆ ಸೇರಿದಳು.

2020ರ ಏಪ್ರಿಲಿನಲ್ಲಿ ಸೈಟು ನಿಂತಿತು. ಮೇ ತಿಂಗಳಲ್ಲಿ ಆಫೀಸಿನಿಂದ ಕಳೆದ ಮೂರು ತಿಂಗಳ ಹಾಜರಿ ಶೀಟು ಪೂರಾ ಕಳಿಸಿ ಎಂದರು. ಕಳಿಸಿದೆ. ಆ ಶೀಟನ್ನೇ ಇಟ್ಟುಕೊಂಡು ಯಾರನ್ನು ಉಳಿಸುವುದು, ಯಾರನ್ನು ಬಿಡುವುದು ಎಂದು ನೋಡಿದರಂತೆ. ಎರಡು ವಾರ ಕಳೆದು ಪಟ್ಟಿ ಬಂತು. ನೂರ ಎಂಬತ್ತಕ್ಕೂ ಮೇಲೆ ಹೆಸರು. ಸೈಟಿನಲ್ಲಿ ಜನ ಇಲ್ಲದ ಮೇಲೆ ಗಂಟೆ ಬರೆಯುವವ ಎಂತಕ್ಕೆ? ಕೆಳಗಿನಿಂದ ಆರನೆಯ ಹೆಸರು ನನ್ನದು. ವರ್ಷಕ್ಕೆ ಮೂರು ವಾರದ ಬೇಸಿಕ್ ಲೆಕ್ಕದಲ್ಲಿ ಗ್ರಾಚ್ಯುಟಿ, ಬಾಕಿ ರಜೆಯ ದುಡ್ಡು, ಟಿಕೆಟು. ಜುಲೈಯಲ್ಲಿ ವಿಮಾನ ಸಿಕ್ಕಿತು. ಕ್ವಾರಂಟೈನ್ ಮುಗಿಸಿ ಮನೆಯ ಮೆಟ್ಟಿಲು ಹತ್ತುವಾಗ ನನಗೆ ನಲವತ್ತಾರು ತುಂಬಿತ್ತು. ಮನೆ ಸಾಲ ಇನ್ನೂ ಐದು ವರ್ಷದ್ದು ಇತ್ತು.

ಆಮೇಲಿನ ನಾಲ್ಕು ತಿಂಗಳು ನಾನು ಹಾಕಿದ ಅರ್ಜಿಗೆ ಲೆಕ್ಕ ಇಲ್ಲ. ಲೆಕ್ಕ ಇಲ್ಲ ಎಂದರೆ ಸುಳ್ಳಾಗುತ್ತದೆ, ನಾನು ಬರೆದಿಡುವ ಜನ. ಅರವತ್ತೆರಡು. ದೋಹಾಕ್ಕೆ, ದುಬೈಗೆ, ಮಸ್ಕತ್‌ಗೆ, ಬೆಂಗಳೂರಿಗೆ. ಉತ್ತರ ಬಂದದ್ದು ನಾಲ್ಕು, ನಾಲ್ಕೂ ಇಲ್ಲ ಎಂದು. ಮಂಗಳೂರಿನ ಒಂದು ಗೋದಾಮಿನಲ್ಲಿ ನೇರ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಹೇಳಿದ, "ಅಂಕಲ್, ಈ ಸಂಬಳಕ್ಕೆ ನಿಮಗೆ ಆಗ್ಲಿಕ್ಕಿಲ್ಲ." ಬಸ್ಸಿನಲ್ಲಿ ವಾಪಸು ಬರುವಾಗ ಸಂಬಳ ಎಷ್ಟೆಂದು ಅವನು ಹೇಳಿಯೇ ಇಲ್ಲ ಎಂದು ನೆನಪಾಯಿತು.

ಮನೆಯಲ್ಲಿ ಮಾಂಯ್ ಇದ್ದರು, ನಮ್ಮ ಕೊಂಕಣಿಯಲ್ಲಿ ಅಮ್ಮನಿಗೆ ಹಾಗೆ ಹೇಳುವುದು. ಆಗ ಎಪ್ಪತ್ತಮೂರು ವರ್ಷ. ಕೊರೊನಾದ ಹೆದರಿಕೆಯಲ್ಲಿ ಅವರನ್ನು ಇಗರ್ಜಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಭಾನುವಾರ ಮನೆಯ ಅಲ್ತಾರಿನ ಎದುರು ಕೂತು ಆ ದಿನದ ವಾಚನ ನಾನು ಓದುವುದು, ಅವರು ಕೇಳುವುದು. ನಮ್ಮಲ್ಲಿ ಭಾನುವಾರದ ಸುವಾರ್ತೆಗೆ ಮೂರು ವರ್ಷದ ಒಂದು ಸುತ್ತು ಉಂಟು. ಈ ವರ್ಷ ಓದಿದ್ದು ಮತ್ತೆ ಬರುವುದು ಮೂರು ವರ್ಷ ಕಳೆದು. 2020ರ ಸೆಪ್ಟೆಂಬರ್ 20ಕ್ಕೆ ಬಂದದ್ದು ಮತ್ತಾಯನ ಇಪ್ಪತ್ತನೇ ಅಧ್ಯಾಯದ ದ್ರಾಕ್ಷಿತೋಟದ ಕಥೆ.

ಕಥೆ ಗೊತ್ತಿಲ್ಲದವರಿಗೆ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಒಬ್ಬ ತೋಟದ ಯಜಮಾನ. ದ್ರಾಕ್ಷಿ ಕೊಯ್ಲಿನ ಸಮಯ. ಬೆಳಗಾಗುವಾಗಲೇ ಪೇಟೆಗೆ ಹೋಗಿ ಜನ ಕರೆದುಕೊಂಡು ಬಂದ, ದಿನಕ್ಕೆ ಒಂದು ದಿನಾರಿ ಎಂದು ಮಾತಾಯಿತು. ಆ ಕಾಲದಲ್ಲಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ ಅದು. ಜನ ಸಾಕಾಗಲಿಲ್ಲವೋ ಏನೋ, ಒಂಬತ್ತು ಗಂಟೆಗೆ ಮತ್ತೆ ಹೋದ, ಹನ್ನೆರಡಕ್ಕೆ ಹೋದ, ಮೂರಕ್ಕೆ ಹೋದ. ಸಂಜೆ ಐದಕ್ಕೂ ಹೋದ. ಆಗಲೂ ಪೇಟೆಯಲ್ಲಿ ಜನ ನಿಂತಿದ್ದರು. ಇಷ್ಟು ಹೊತ್ತು ಎಂತಕ್ಕೆ ಸುಮ್ಮನೆ ನಿಂತದ್ದು ಎಂದು ಕೇಳಿದರೆ, ಕರೆಯುವವರು ಬರಲಿಲ್ಲ ಎಂದರು. ಅವರನ್ನೂ ಕಳಿಸಿದ. ಒಂದು ಗಂಟೆ ಕೆಲಸ ಆಗುವಾಗ ಸೂರ್ಯ ಮುಳುಗಿತು. ಯಜಮಾನ ತನ್ನ ಕಾರುಬಾರಿಯನ್ನು ಕರೆದು ಕೊನೆಗೆ ಬಂದವರಿಂದ ಸಂಬಳ ಕೊಡಲು ಹೇಳಿದ. ಅವರಿಗೂ ಒಂದು ದಿನಾರಿ, ಬೆಳಗ್ಗಿನಿಂದ ಬಿಸಿಲಿನಲ್ಲಿ ದುಡಿದವರಿಗೂ ಒಂದು ದಿನಾರಿ. ಬೆಳಗ್ಗೆ ಬಂದವರು ಜಗಳಕ್ಕೆ ನಿಂತರು. ನಿಮಗೆ ಮಾತಾಡಿದ್ದನ್ನು ಕೊಟ್ಟಿದ್ದೇನೆ, ನನ್ನದನ್ನು ನಾನು ಕೊಟ್ಟರೆ ನಿಮಗೆ ಯಾಕೆ ಹೊಟ್ಟೆಯುರಿ ಎನ್ನುವ ಅರ್ಥದಲ್ಲಿ ಯಜಮಾನ ಮಾತು ಮುಗಿಸಿದ.

ದೋಹಾದಲ್ಲಿ 2011, 2014, 2017ರಲ್ಲಿ ಇದೇ ಕಥೆ ಕೇಳಿದವ ನಾನು. ಟೈಮ್ ಕೀಪರಿಗೆ ಈ ಕಥೆ ಹೇಗೆ ಕೇಳಿಸುತ್ತದೆ ಹೇಳಿ! ನನ್ನ ಕಣ್ಣು ಹೋಗುತ್ತಿದ್ದದ್ದು ಆ ಕಾರುಬಾರಿಯ ಮೇಲೆ. ಪಾಪ, ಮರುದಿನ ಅವನ ಗತಿ ಎಂತ? ಬೆಳಗ್ಗೆ ಆರಕ್ಕೆ ಯಾರು ಬರುತ್ತಾರೆ? ಎಲ್ಲರೂ ಸಂಜೆ ಐದಕ್ಕೇ ಬಂದು ನಿಲ್ಲುತ್ತಾರೆ. ಶುಕ್ರವಾರ ಪೂಜೆ ಮುಗಿಸಿ ಕ್ಯಾಂಪಿನ ಬಸ್ಸಿನಲ್ಲಿ ನಾವು ನಾಲ್ಕು ಜನ ಈ ವಿಷಯ ಮಾತಾಡಿ ನಗಾಡಿದ್ದೂ ಉಂಟು.

ಆ ಭಾನುವಾರ ಓದಿ ಮುಗಿಸಿದೆ. ಮಾಂಯ್ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಐದು ಗಂಟೆವರೆಗೆ ನಿಂತವರು ಮಧ್ಯಾಹ್ನ ಊಟ ಮಾಡಿದ್ದರಾ?" ಅದು ಪುಸ್ತಕದಲ್ಲಿ ಬರೆದಿಲ್ಲ ಎಂದೆ. "ಮಾಡಿರಲಿಕ್ಕಿಲ್ಲ" ಎಂದು ಅವರೇ ಹೇಳಿಕೊಂಡರು. ಮತ್ತೆ ಹೇಳಿದ್ದು ಇದು: "ಅರ್ಧ ಸಂಬಳ ಕೊಟ್ಟರೆ ಮನೆಯಲ್ಲಿ ಮಕ್ಕಳಿಗೆ ಅರ್ಧ ಹಸಿವೆ ಆಗುತ್ತದಾ?"

ಮಾಂಯ್ ಮದುವೆಗೆ ಮೊದಲು ಕೂಲಿಗೆ ಹೋಗುತ್ತಿದ್ದವರು. ನೇಜಿ ನೆಡಲಿಕ್ಕೆ, ಸೊಪ್ಪು ಹೊರಲಿಕ್ಕೆ. ಅವರಿಗೆ ಆ ಕಥೆಯಲ್ಲಿ ಮೊದಲು ಕಾಣುವುದು ಪೇಟೆಯಲ್ಲಿ ನಿಂತವರು. ಅವರು ಸೋಮಾರಿಗಳು ಎಂದು ಕಥೆಯಲ್ಲಿ ಎಲ್ಲಿಯೂ ಇಲ್ಲ. ಬೆಳಗ್ಗಿನಿಂದ ನಿಂತೇ ಇದ್ದರು. ಹಿಂದೆ ಹೋಗಲಿಲ್ಲ, ಯಾಕೆಂದರೆ ಬರಿಗೈಯಲ್ಲಿ ಮನೆಗೆ ಹೋಗಲಿಕ್ಕೆ ಅವರಿಂದ ಆಗುತ್ತಿರಲಿಲ್ಲ. ಅರವತ್ತೆರಡು ಅರ್ಜಿ ಹಾಕಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಮಾಡುವವನಿಗೆ ಮೈ ನೋವಾಗುತ್ತದೆ. ಕರೆಯುವವರಿಲ್ಲದೆ ನಿಲ್ಲುವವನಿಗೆ ಆಗುವುದು ಬೇರೆಯೇ. ಅದಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಆದರೂ ಅವತ್ತಿಗೆ ನನ್ನ ಪ್ರಾರ್ಥನೆ ಏನೂ ಬದಲಾಗಲಿಲ್ಲ. ರಾತ್ರಿ ತೇರ್ಸ್ ಹೇಳುವಾಗ, ಅಂದರೆ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡುವಾಗ, ಒಳಗೊಳಗೆ ವಾದ ನಡೆಯುತ್ತಿತ್ತು. ಇಷ್ಟು ವರ್ಷದ ಶುಕ್ರವಾರಗಳು ಎಲ್ಲಿ ಹೋದವು? ಕೊಡಬೇಕಾದ್ದು ನಾನು ಕೊಟ್ಟಿದ್ದೇನೆ, ನಿನ್ನ ಕಡೆಯಿಂದ ಬಾಕಿ ಉಂಟು. ಒಬ್ಬ ಫಾದರ್ ಫೋನು ಮಾಡಿದಾಗ ಅವರಿಗೂ ಹೀಗೇ ಹೇಳಿದೆ. ಅವರು ಉಪದೇಶ ಕೊಡಲಿಲ್ಲ. ಆ ವಾದವನ್ನು ದೇವರ ಹತ್ತಿರವೇ ಮುಂದುವರಿಸಿ, ನಿಲ್ಲಿಸಬೇಡಿ ಎಂದರು.

ಈಗ 2021ರ ಜನವರಿಗೆ ಬರುತ್ತೇನೆ. ಮೊದಲ ವಾರದಲ್ಲಿ ಅಕಾಲ ಮಳೆ ಬಂದದ್ದು ನಿಮಗೆ ನೆನಪಿರಬಹುದು. ಘಟ್ಟದ ಮೇಲೆ ಕಾಫಿಯವರು, ನಮ್ಮಲ್ಲಿ ಅಡಿಕೆ ಅಂಗಳದಲ್ಲಿ ಹಾಕಿದವರು, ಎಲ್ಲರೂ ಒದ್ದೆಯಾದರು. ಅಂಥ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಮನೆಯ ಗೌಡರು ಗುಡ್ಡದಿಂದಲೇ ಕೂ ಹಾಕಿದರು. ಅವರ ಅಂಗಳ ದೊಡ್ಡದು, ತುಂಬಾ ಅಡಿಕೆ, ಇಪ್ಪತ್ತು ಬಿಸಿಲು ಕಂಡದ್ದು. ಮೂಡು ಕಪ್ಪಾಗಿತ್ತು. ಬೆಳಗ್ಗಿನಿಂದ ಕೊಯ್ಲಿನ ಜನ ಇದ್ದರು, ಸಾಕಾಗುತ್ತಿರಲಿಲ್ಲ. ನಾನು ಹೋದೆ. ಬಾಚುವುದು, ಗೋಣಿಗೆ ತುಂಬುವುದು, ಚಾವಡಿಗೆ ಹೊರುವುದು. ಆರೂವರೆಗೆ ಕೊನೆಯ ಗೋಣಿ ಒಳಗೆ ಹೋಗುವಾಗ ಹನಿ ಬಿತ್ತು.

ಜಗಲಿಯಲ್ಲಿ ಕೂತು ಗೌಡರು ಒಬ್ಬೊಬ್ಬರಿಗೆ ಸಂಬಳ ಕೊಟ್ಟರು. ನನ್ನ ಕೈಗೂ ಇಟ್ಟರು. ನೋಡಿದರೆ ಇಡೀ ದಿನದ್ದು. ನೆರೆಕರೆಯವನೆಂದು ಸಹಾಯಕ್ಕೆ ಹೋದವ ನಾನು, ದುಡ್ಡಿನ ಯೋಚನೆ ಇರಲಿಲ್ಲ. ಯೋಚನೆ ಇದ್ದರೂ ಅದು ಅರ್ಧ ದಿನಕ್ಕಿಂತ ಕಡಿಮೆ. ಹೇಳಿದೆ: "ಗೌಡ್ರೇ, ನಾನು ಮಾಡಿದ್ದು ಮೂರೂವರೆ ಗಂಟೆ." ಅವರು ಎಲೆಯಡಿಕೆ ಬಾಯಿಯಲ್ಲಿಟ್ಟುಕೊಂಡೇ ಹೇಳಿದರು, "ಗಂಟೆ ಬರೆಯುವುದು ಅಲ್ಲಿ ಆಯಿತು. ಇಲ್ಲಿ ನಾಳೆ ಅಂಗಡಿಗೆ ಹೋಗಬೇಕಲ್ಲ ನೀನು. ಇಟ್ಟುಕೋ ಮಾರಾಯ."

ನನ್ನ ಮನೆಯ ಸ್ಥಿತಿ ಅವರಿಗೆ ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂತೋಷದಿಂದ ಅಲ್ಲ, ಸಿಟ್ಟಿನಿಂದ. ಮೂರೂವರೆಯನ್ನು ಎಂಟರಿಂದ ಭಾಗಿಸಿ, ನನ್ನದು ಎಷ್ಟು, ಅವರು ಧರ್ಮಕ್ಕೆ ಕೊಟ್ಟದ್ದು ಎಷ್ಟು ಎಂದು ಕತ್ತಲಲ್ಲಿ ಲೆಕ್ಕ ಹಾಕಿದೆ. ಹೆಚ್ಚಾದದ್ದನ್ನು ಬೆಳಗ್ಗೆ ಹೋಗಿ ವಾಪಸು ಕೊಡುವುದೆಂದು ತೀರ್ಮಾನವೂ ಆಯಿತು. ಕೆಲಸ ಹೋದಾಗ ನನಗೆ ಅಷ್ಟು ಅವಮಾನ ಆಗಿರಲಿಲ್ಲ. ಅದು ಕಂಪನಿಯ ಲೆಕ್ಕ, ನೂರ ಎಂಬತ್ತು ಜನರ ಜೊತೆ ಹೋದದ್ದು. ಇದು ಬೇರೆ. ನಾನು ದುಡಿಯದ ನಾಲ್ಕೂವರೆ ಗಂಟೆ ನನ್ನ ಜೇಬಿನಲ್ಲಿತ್ತು.

ಬೆಳಗ್ಗೆ ಮಾಂಯ್ ಹತ್ತಿರ ಹೇಳಿದೆ. ಅವರು ಕುಚ್ಚಲಕ್ಕಿ ತೊಳೆಯುತ್ತಿದ್ದರು. "ಕೊಟ್ಟು ಬಾ. ಆದರೆ ಗೌಡರು ಕೊಟ್ಟದ್ದನ್ನು ತೆಗೆದುಕೊಳ್ಳಲಿಕ್ಕೆ ಆಗದವ ದೇವರು ಕೊಟ್ಟದ್ದನ್ನು ಹೇಗೆ ತೆಗೆದುಕೊಳ್ಳುತ್ತೀ?" ಇಷ್ಟು ಹೇಳಿ ಅಕ್ಕಿ ಒಲೆಗಿಟ್ಟರು. ನಾನು ಹೋಗಲಿಲ್ಲ. ಆ ದುಡ್ಡಿನಲ್ಲಿ ಅವತ್ತು ಅಂಗಡಿಗೆ ಹೋದೆ.

ಇಲ್ಲಿಂದ ಮುಂದಿನದ್ದನ್ನು ಬರೆಯುವುದು ಕಷ್ಟ, ಯಾಕೆಂದರೆ ಹೊರಗಿನಿಂದ ನೋಡಿದರೆ ಏನೂ ಆಗಲಿಲ್ಲ. ಆದರೆ ಅಲ್ಲಿಯವರೆಗೆ ಆ ಕಥೆಯನ್ನು ನಾನು ಕೇಳಿದ್ದು ಬೆಳಗ್ಗೆ ಬಂದವನಾಗಿ, ಇಲ್ಲದಿದ್ದರೆ ಕಾರುಬಾರಿಯಾಗಿ. ಸಂಜೆ ಐದರ ಜನರಲ್ಲಿ ಒಬ್ಬನಾಗಿ ಕೇಳಿದ್ದು ಅದೇ ಮೊದಲು. ಅವರ ಕೈಗೆ ದಿನಾರಿ ಬಂದಾಗ ಅವರಿಗೂ ನಾಚಿಕೆ ಆಗಿರಬೇಕು. ಅವರೂ ಮನಸ್ಸಿನಲ್ಲಿ ಭಾಗಾಕಾರ ಮಾಡಿರಬೇಕು. ಆ ಯಜಮಾನ ಅವರ ಗಂಟೆ ನೋಡದೆ ಅವರ ಮನೆಯ ಒಲೆ ನೋಡಿದ. ನಮ್ಮ ದೇವರು ಇಂಥವನು ಎಂದು ಹೇಳಲಿಕ್ಕೇ ಯೇಸು ಆ ಕಥೆ ಹೇಳಿದ್ದು. ಅದನ್ನು ನಲವತ್ತು ವರ್ಷ ಕೇಳಿ ನನಗೆ ಬಾಯಿಪಾಠ ಬರುತ್ತಿತ್ತು. ಮೈಗೆ ಹತ್ತಿದ್ದು ಗೌಡರ ಜಗಲಿಯಲ್ಲಿ. ಗೌಡರು ಮತ್ತಾಯನನ್ನು ಓದಿದವರಲ್ಲ. ಅವರ ಮನೆಯಲ್ಲಿ ದೈವದ ಕೋಲ ನಡೆಯುತ್ತದೆ, ನಾವು ಊಟಕ್ಕೆ ಹೋಗುತ್ತೇವೆ.

ಆಮೇಲೆ ತೇರ್ಸ್ ಹೇಳುವಾಗ ವಾದ ಕಡಿಮೆಯಾಯಿತು. ಬಾಕಿ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ದಿನದ ಅನ್ನಕ್ಕಾಗಿ ಕೇಳುವ ಒಂದು ಸಾಲು ನಮ್ಮ ಪ್ರಾರ್ಥನೆಯಲ್ಲಿ ಉಂಟು. ಯೇಸು ಕಲಿಸಿದ್ದು ಆ ದಿನದ್ದನ್ನು ಕೇಳಲಿಕ್ಕೆ, ಕಾಂಟ್ರಾಕ್ಟು ರಿನ್ಯೂ ಮಾಡಿಸಲಿಕ್ಕೆ ಅಲ್ಲ. ದಿನಗೂಲಿಯವರ ಪ್ರಾರ್ಥನೆ ಅದು. ದಿನಗೂಲಿಗೆ ಹೋದ ಮೇಲೆ ಅದನ್ನು ಹೇಳುವಾಗ ನಾಲಿಗೆಗೆ ಬೇರೆ ರುಚಿ.

ಒಂದು ವಿಷಯ ಸ್ಪಷ್ಟ ಹೇಳಬೇಕು. ಆಗುವುದೆಲ್ಲ ಒಳ್ಳೆಯದಕ್ಕೇ ಎಂದು ನನಗೆ ಹೇಳಿದವರು ತುಂಬಾ ಜನ. ನಾನು ಹಾಗೆ ಹೇಳುವುದಿಲ್ಲ. ಕೆಲಸ ಹೋದದ್ದು ಒಳ್ಳೆಯದಾಗಲಿಲ್ಲ. ಮಗಳು ಮಂಗಳೂರಿನ ಕಾಲೇಜು ಬಿಟ್ಟು ಹತ್ತಿರದ ಸರ್ಕಾರಿ ಕಾಲೇಜಿಗೆ ಬಂದಳು, ಅವಳು ಇಷ್ಟಪಟ್ಟ ಕೋರ್ಸು ಅಲ್ಲಿರಲಿಲ್ಲ. ಮನೆಯವಳ ಎರಡು ಬಳೆ ಬ್ಯಾಂಕಿಗೆ ಹೋಗಿ ಒಂದೇ ಹಿಂದೆ ಬಂತು. ನನಗೆ ಪಾಠ ಕಲಿಸಲಿಕ್ಕೆ ದೇವರು ನೂರ ಎಂಬತ್ತು ಜನರ ಅನ್ನ ಕಿತ್ತ ಎಂದು ನಂಬುವುದಾದರೆ ಅಂಥ ದೇವರು ನನಗೆ ಬೇಡ. ಬಿಹಾರದ ಆ ಹುಡುಗರಿಗೆ ಮೇಲಿನ ಮನೆಯ ಗೌಡರು ಸಿಕ್ಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರನ್ನು ನೆನೆಸಿ ಈಗಲೂ ಒಂದು ಮಣಿ ಹೆಚ್ಚು ಎಣಿಸುತ್ತೇನೆ.

ಅದೇ 2021ರಲ್ಲಿ ಚಾಲಿ ಅಡಿಕೆಯ ಧಾರಣೆ ಏರಿತು, ಹಳೆ ಅಡಿಕೆ ಐನೂರು ದಾಟಿತು. ನನ್ನ ಸಾಲದ ಒಂದು ದೊಡ್ಡ ಪಾಲು ಹಾಗೆ ತೀರಿತು. ಪ್ರಾರ್ಥನೆಯ ಫಲ ಎಂದು ನಮ್ಮ ಸಂಬಂಧಿಕರು ಹೇಳಿದರು. ಪ್ರಾರ್ಥನೆ ಮಾಡದವರಿಗೂ ಅದೇ ಧಾರಣೆ ಸಿಕ್ಕಿತಲ್ಲ! ಬಿಸಿಲು, ಮಳೆ ಎರಡನ್ನೂ ದೇವರು ಒಳ್ಳೆಯವರು ಕೆಟ್ಟವರು ಎಂದು ನೋಡದೆ ಕೊಡುತ್ತಾನೆ ಎಂದು ಯೇಸು ಹೇಳಿದ್ದೂ ಮತ್ತಾಯನ ಪುಸ್ತಕದಲ್ಲಿಯೇ ಉಂಟು. ಅಡಿಕೆ ಬೆಳೆಯುವವನಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಕೊಳೆರೋಗವೂ ಜಾತಿ ಧರ್ಮ ಕೇಳಿಕೊಂಡು ಬರುವುದಿಲ್ಲ.

ಈ ದ್ರಾಕ್ಷಿತೋಟದ ಕಥೆ ಕ್ರೈಸ್ತರ ಮನೆಯಲ್ಲಿಯೇ ಕೂತದ್ದಲ್ಲ ಎಂದೂ ಹೇಳಬೇಕು. ಇಂಗ್ಲೆಂಡಿನ ಜಾನ್ ರಸ್ಕಿನ್ ಎನ್ನುವವರು 1860ರಲ್ಲಿ ದುಡ್ಡು ಮತ್ತು ಕೂಲಿಯ ಬಗ್ಗೆ ನಾಲ್ಕು ಲೇಖನ ಬರೆದರು. ಅವು ಪುಸ್ತಕವಾದಾಗ ಅದಕ್ಕೆ ಇಟ್ಟ ಹೆಸರು ಈ ಕಥೆಯ ಕೊನೆಯ ಕೂಲಿಯವನನ್ನು ಕುರಿತದ್ದೇ. 1904ರಲ್ಲಿ ಗಾಂಧೀಜಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೋಗುವಾಗ ಅದನ್ನು ಓದಿದರು. ರಾತ್ರಿ ಅವರಿಗೂ ನಿದ್ದೆ ಬರಲಿಲ್ಲವಂತೆ. ಅದೇ ವರ್ಷ ಡರ್ಬನ್ನಿನ ಹತ್ತಿರ ಫೀನಿಕ್ಸಿನಲ್ಲಿ ಜಮೀನು ತೆಗೆದುಕೊಂಡು ಬೇಸಾಯಕ್ಕೆ ಇಳಿದರು. ಅಲ್ಲಿ ಬಣ್ಣ, ದೇಶ ನೋಡದೆ ತಲೆಗೆ ತಿಂಗಳಿಗೆ ಮೂರು ಪೌಂಡು ಎಂದು ಇಟ್ಟರು. ಆ ಪುಸ್ತಕದ ಸಾರವನ್ನು 1908ರಲ್ಲಿ ಗುಜರಾತಿಯಲ್ಲಿ ಬರೆದು ಅವರು ಇಟ್ಟ ಹೆಸರು 'ಸರ್ವೋದಯ'. ನಾವು ಶಾಲೆಯಲ್ಲಿ ಕಲಿತ ಆ ಶಬ್ದದ ಬೇರು ಸಂಜೆ ಐದು ಗಂಟೆಗೆ ಪೇಟೆಯಲ್ಲಿ ನಿಂತವರ ಹತ್ತಿರ ಉಂಟು ಎಂದು ನನಗೆ ಗೊತ್ತಾದದ್ದು ತೋಟಕ್ಕೆ ಬಂದ ಮೇಲೆ.

ಈಗ ಸಂಬಳದ ವಿಷಯಕ್ಕೆ. ನನ್ನ ಕ್ರಮ ಹೀಗೆ. ಮದ್ದು ಬಿಡುವವರು ಬೆಳಗ್ಗೆ ಬಂದು, ದ್ರಾವಣ ಮಾಡಿ, ಕೆಲಸ ಶುರುವಾದ ಮೇಲೆ ಮಳೆ ಬಂದರೆ ಪೂರ್ತಿ ಸಂಬಳ. ಬಂದರೂ ಮಳೆಯಿಂದ ಶುರು ಮಾಡಲಿಕ್ಕೇ ಆಗದಿದ್ದರೆ ತಿಂಡಿ, ಊಟ ಮತ್ತು ಅರ್ಧ ಸಂಬಳ. ಅರ್ಧ ಎನ್ನುವಲ್ಲಿ ನಾನು ಆ ಯಜಮಾನನಷ್ಟು ದೊಡ್ಡವನಲ್ಲ ಎಂದು ನಿಮಗೆ ಗೊತ್ತಾಗುತ್ತದೆ. ಎರಡು ಎಕ್ರೆ ತೋಟಕ್ಕೆ ಅಷ್ಟೇ ತಾಳುವುದು. ಕಳೆದ ವರ್ಷ ಈ ರೀತಿ ಹೋದದ್ದು ಒಟ್ಟು ಏಳು ಆಳಿನ ಸಂಬಳ. ಈ ವರ್ಷ ಇವತ್ತಿಗೆ ಹನ್ನೊಂದು. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಬರೆಯುವ ಚಟ ಹೋಗಲಿಲ್ಲ.

ಹೀಗೆ ಕೊಟ್ಟರೆ ಜನ ನಿಮ್ಮಲ್ಲಿಗೇ ಮೊದಲು ಬರುತ್ತಾರೆ, ಅದೂ ಒಂದು ವ್ಯಾಪಾರವೇ ಎಂದು ಒಬ್ಬರು ಹೇಳಿದರು. ಹಾಗೇನೂ ಇಲ್ಲ ಮಾರಾಯ್ರೇ. ಈ ವರ್ಷ ಮೇ ಕೊನೆಗೆ ಮಳೆ ಹಿಡಿದಾಗ ಅವರು ಮೊದಲು ಹೋದದ್ದು ದೊಡ್ಡ ತೋಟದವರಲ್ಲಿಗೆ. ಅಲ್ಲಿ ಹತ್ತು ದಿನದ ಕೆಲಸ ಒಟ್ಟಿಗೆ ಸಿಗುತ್ತದೆ, ಅವರೂ ಹೊಟ್ಟೆ ನೋಡಬೇಕಲ್ಲ. ನನ್ನ ಸರದಿ ಬಂದದ್ದು ಜೂನ್ 11ಕ್ಕೆ. ಅಷ್ಟರಲ್ಲಿ ತೋಡಿನ ಬದಿಯ ಸಾಲಿನಲ್ಲಿ ಕೊಳೆ ಕಾಣಿಸಿತ್ತು. ಅಲ್ಲಿ ಕಾಲುಭಾಗ ಹೋಯಿತು. ನಾನು ಕೊಟ್ಟದ್ದಕ್ಕೆ ಇದು ಸಿಕ್ಕಿತು, ಅದು ಸಿಕ್ಕಿತು ಎಂದು ಹೇಳಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಇರಬೇಕೆಂದೂ ಇಲ್ಲ. ಉದುರಿದ ಅಡಿಕೆ ಹೆಕ್ಕುವಾಗ ಬೇಜಾರಾಯಿತು. ಆದರೆ ಮೊದಲಿನ ಹಾಗೆ ಮೇಲೆ ನೋಡಿ ಬಾಕಿ ಕೇಳಲಿಲ್ಲ.

ನಿಮ್ಮ ಮಾತಿಗೆ ಉತ್ತರ ಇನ್ನೂ ಬಾಕಿ ಉಂಟು: ನೀವು ಕೊಟ್ಟರೆ ನಮ್ಮಲ್ಲಿಯೂ ಕೇಳುತ್ತಾರೆ. ಕೇಳಬಹುದು. ಹಳದಿ ಎಲೆ ರೋಗದಲ್ಲಿ ತೋಟ ಹೋದವರು, ಸಾಲದಲ್ಲಿ ಇರುವವರು, ತಾವೇ ದೋಟಿ ಹಿಡಿದು ಮದ್ದು ಬಿಡುವವರು ನಮ್ಮ ಮಧ್ಯೆ ಇದ್ದಾರೆ. ಅವರಿಗೆ ಇದು ಹೊರೆ ಎಂದು ನನಗೆ ಗೊತ್ತು. ಅದಕ್ಕೆ ಎರಡು ತೀರ್ಮಾನ ಮಾಡಿದ್ದೇನೆ. ಒಂದು, ದಿನದ ರೇಟು ಊರಿನಲ್ಲಿ ಎಷ್ಟೋ ಅಷ್ಟೇ, ಅದಕ್ಕಿಂತ ಒಂದು ರೂಪಾಯಿ ಮೇಲೆ ನಾನು ಮಾತಾಡುವುದಿಲ್ಲ. ಎರಡು, ಮಳೆ ದಿನದ್ದು ಕೊಡುವ ಮೊದಲೇ ಅವರಿಗೆ ಹೇಳುತ್ತೇನೆ: ಇದು ನಾನು ಇಷ್ಟಪಟ್ಟು ಕೊಡುವುದು, ಬೇರೆಯವರ ಅಂಗಳದಲ್ಲಿ ನನ್ನ ಹೆಸರು ಹೇಳಿ ಕೇಳಬಾರದು. ಅವರು ಕೇಳುವುದಿಲ್ಲ ಎಂದಿದ್ದಾರೆ. ಯಾರಾದರೂ ಕೇಳಿದರೆ ನನಗೆ ಹೇಳಿ, ನಾನೇ ಮಾತಾಡುತ್ತೇನೆ.

ಕೊಡುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಮಳೆ ಬಂದು ದೋಟಿ ಕೆಳಗಿಟ್ಟು ಅವರು ಕೊಟ್ಟಿಗೆಯ ಬದಿಯಲ್ಲಿ ನಿಂತಾಗ, ಇವತ್ತು ಎಷ್ಟು ಕೊಡುತ್ತಾರೋ ಎಂದು ನನ್ನ ಮುಖ ನೋಡದೆ ನೆಲ ನೋಡುತ್ತಾರೆ. ಆ ನೋಟ ನನಗೆ ಗುರ್ತ. ಮಂಗಳೂರಿನ ಗೋದಾಮಿನಲ್ಲಿ ನಾನೂ ಹಾಗೇ ನಿಂತಿದ್ದೆ. 2023ರ ಸೆಪ್ಟೆಂಬರ್ 24ಕ್ಕೆ ಇಗರ್ಜಿಯಲ್ಲಿ ಆ ಕಥೆ ಮತ್ತೆ ಓದಿದಾಗ ಮಾಂಯ್ ನನ್ನ ಪಕ್ಕದಲ್ಲಿದ್ದರು, ಮೊಣಕೈಯಲ್ಲಿ ಸ್ವಲ್ಪ ತಿವಿದರು. ಇನ್ನು ಬರುವುದು 2026ರ ಸೆಪ್ಟೆಂಬರ್ 20ಕ್ಕೆ. ಅವರಿಗೆ ಈಗ ಎಪ್ಪತ್ತೆಂಟು. ಒಟ್ಟಿಗೆ ಕೂತು ಕೇಳಬೇಕೆಂದು ಆಸೆ ಉಂಟು, ಅಷ್ಟನ್ನು ಕೇಳಿಕೊಂಡಿದ್ದೇನೆ.

ಎರಡನೇ ಸಲದ ಮದ್ದಿಗೆ ಸಮಯ ಆಯಿತು. ಮೊದಲ ಸಲ ಬಿಟ್ಟು ನಲವತ್ತು ನಲವತ್ತೈದು ದಿನ ಆದವರು ಬಿಸಿಲು ಕಂಡ ದಿನ ಬಿಡಬೇಡಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಹಳೆಯದಾದರೆ ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ನನ್ನ ಹತ್ತಿರ ಒಂದು ದೋಟಿ ಹೆಚ್ಚಿಗೆ ಉಂಟು, ಬೇಕಾದವರು ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಬನ್ನಿ.